ಎರಡು ಮೊಳ, ನಾಲ್ಕು ಬೆರಳು

ಪಾಷಾಣ್ ರಸ್ತೆ ಮುಗಿಯುವಲ್ಲಿ, ಗುಡ್ಡಕ್ಕೆ ಬೆನ್ನು ಕೊಟ್ಟ ಕಟ್ಟಡ.
ಅದರ ನೆಲಮಾಳಿಗೆಯಲ್ಲೊಂದು ಗಡಿಯಾರ,
ಮುಖವಿಲ್ಲ, ಮುಳ್ಳಿಲ್ಲ, ಟಿಕ್ ಎನ್ನುವುದೂ ಇಲ್ಲ.
ಒಳಗೆ ಸೀಸಿಯಂ ತನ್ನ ಪಾಡಿಗೆ ತಾನು ಕಂಪಿಸುತ್ತದೆ.
ಹೊರಗೆ ನಾನು, ಚಪ್ಪಲಿ ಬಿಟ್ಟು, ಶಾಲು ಹೊದ್ದು.

ಗಡಿಯಾರ ಕಾಯುವುದು ನನ್ನ ಕೆಲಸವಲ್ಲ.
ಅದು ಉಪಗ್ರಹದ ನೆಪದಲ್ಲಿ ದಿಲ್ಲಿಯ ಗಡಿಯಾರದೊಡನೆ ಆಡುವ ಮಾತು
ನಮ್ಮ ಮನೆಯೊಳಗೇ ಎಷ್ಟು ತಡವಾಯಿತು,
ಅದನ್ನು ಬರೆದಿಡುವುದು.
ಆಕಾಶದ ತಡ ಡಾಕ್ಟರ್ ಮೃಣ್ಮಯಿ ಓಗಲೆಯವರ ಪಾಲು,
ಅದಕ್ಕೆ ಸೂತ್ರಗಳಿವೆ, ಸಮ್ಮೇಳನಗಳಿವೆ.
ನನ್ನ ಪಾಲಿಗೆ ತಾರಸಿಯ ಆಂಟೆನಾ,
ರಿಸೀವರಿನ ಹೊಟ್ಟೆಯೊಳಗಿನ ಸುತ್ತುದಾರಿ,
ನಡುವೆ ನಲವತ್ತೆರಡು ಮೀಟರ್ ಕೇಬಲ್.
ಅದನ್ನಿಳಿದು ಬರಲು ಸಂಕೇತಕ್ಕೆ
ಇನ್ನೂರ ಹತ್ತು ನ್ಯಾನೊಸೆಕೆಂಡು.

ಒಂದೇ ಗಡಿಯಾರಕ್ಕೆ ಎರಡು ರಿಸೀವರ್ ಕಟ್ಟಿದ್ದೇವೆ, ಜೋಡೆತ್ತಿನ ಹಾಗೆ.
ಒಂದರಲ್ಲಿ ಇನ್ನೊಂದನ್ನು ಕಳೆದರೆ
ಗಡಿಯಾರ ಹೋಗುತ್ತದೆ, ಆಕಾಶವೂ ಹೋಗುತ್ತದೆ,
ಉಳಿಯುವುದು ಎರಡು ಪೆಟ್ಟಿಗೆಗಳ ಮನಸ್ತಾಪ.
ದಿನಾ ಬೆಳಿಗ್ಗೆ ಆ ಗೆರೆ ನೋಡುತ್ತೇನೆ.
ಮಲಗಿರುತ್ತದೆ.
ಮೇ ತಿಂಗಳಲ್ಲಿ ಎಸಿ ಸೋತಾಗ ಅರ್ಧ ನ್ಯಾನೊಸೆಕೆಂಡು ಮಗ್ಗುಲಾಗಿ
ಮತ್ತೆ ಮಲಗುತ್ತದೆ.

ಆಗಸ್ಟಿನ ಕೊನೆಯ ಮಂಗಳವಾರ ಎದ್ದು ನಿಂತಿತ್ತು.
ನಡುರಾತ್ರಿ ಹನ್ನೊಂದು ನಿಮಿಷ ದಾಖಲೆಯೇ ಇಲ್ಲ,
ಆಮೇಲೆ ಐದು ನ್ಯಾನೊಸೆಕೆಂಡು ಮೇಲೆ,
ಮೆಟ್ಟಿಲು ಹತ್ತಿದವನು ಅಲ್ಲೇ ಕೂತ ಹಾಗೆ.

ಓಗಲೆಯವರು ಕೇಳಿದರು, ಮರಾಠಿಯಲ್ಲಿ, ಏನಾಯಿತೆಂದು.
ಕುಷ್ಟಗಿಯಿಂದ ಬಂದು ಹನ್ನೊಂದು ವರ್ಷ.
ಈಗಲೂ ಪ್ರಶ್ನೆ ಒಳಗಿಳಿದು ಕನ್ನಡವಾಗಬೇಕು,
ಉತ್ತರ ಮೇಲೇರಿ ಮರಾಠಿಯಾಗಬೇಕು.
ಅಷ್ಟರಲ್ಲಿ ಅವರು ಪರದೆಗೆ ತಿರುಗಿದ್ದರು.
ಸೌರಮಾರುತ ಇರಬೇಕು, ಎಂದರು. ನಾಳೆ, ಉಪಗ್ರಹವೇ, ಎಂದರು.
ಮೂರನೆಯ ದಿನ ದಿಲ್ಲಿಯಿಂದ ಫೋನು.

ನಾನು ತಾರಸಿಗೆ ಹೋದೆ.
ನೀರಿನ ಟ್ಯಾಂಕಿನ ಹಿಂದೆ, ಪಾರಿವಾಳದ ಹಿಕ್ಕೆಯ ನಡುವೆ,
ಹಳೆಯ ಕೇಬಲ್ಲಿನ ಮೈಯಲ್ಲಿ ಇಲಿಯ ಹಲ್ಲು,
ಕೆಟ್ಟಷ್ಟು ಕತ್ತರಿಸಿ, ಎಟುಕದ ತುದಿಗಳ ನಡುವೆ
ಒಂದು ಹೊಸ ತುಂಡು.
ಎರಡು ಗಂಟು, ಎರಡಕ್ಕೂ ಕರಿ ಟೇಪು,
ಮಳೆ ಇಳಿಯದಂತೆ ಮೇಲೆ ಸೈಕಲ್ ಟ್ಯೂಬು.
ಈ ಅಚ್ಚುಕಟ್ಟು ಯಾರದೆಂದು ಗೊತ್ತು.

ಅಳೆಯುವ ಪಟ್ಟಿ ಕೆಳಗಿತ್ತು. ಕೈಯಿಂದಲೇ ಅಳೆದೆ,
ಮಂಡಈಯಲ್ಲಿ ಹೂವಿನವಳು ಅಳೆಯುವಂತೆ.
ಹೆಚ್ಚಾದದ್ದು ಎರಡು ಮೊಳ, ನಾಲ್ಕು ಬೆರಳು.
ಐದು ನ್ಯಾನೊಸೆಕೆಂಡು ಇಷ್ಟುದ್ದ,
ಒಂದು ಜಡೆಗೆ ಸಾಕು.

ಸಾಸವಡಕ್ಕೆ ಫೋನು ಮಾಡಿದೆ, ಖಳದಕರ ಅವರಿಗೆ.
ಆ ರಾತ್ರಿ ನಿವೃತ್ತಿಗೆ ಮೂರು ದಿನ ಬಾಕಿ ಇತ್ತು ಅವರಿಗೆ.
"ಗಡಿಯಾರ ನಿಂತಿತೇ ಮ್ಯಾಡಂ?"
ಇಲ್ಲ.
"ಮತ್ತೆ?"
ಐದು ನ್ಯಾನೊಸೆಕೆಂಡು ಹೆಚ್ಚಾಗಿದೆ.
ಆ ತುದಿಯಲ್ಲಿ ಮೌನ. ಕುಕ್ಕರಿನ ಸಿಳ್ಳೆ ಒಂದು, ಎರಡು.
"ಸೆಕೆಂಡಿನ ನೂರು ಕೋಟಿ ತುಂಡಿನಲ್ಲಿ ಐದು," ಎಂದರು.
"ಮೂವತ್ನಾಲ್ಕು ವರ್ಷ ಇದ್ದೆ. ನೀವು ಹಿಡೀತೀರಿ ಅಂತ
ನಿಜವಾಗಿ ನಂಬಿರಲಿಲ್ಲ."

ತುಂಡು ಕೀಳಲಿಲ್ಲ. ಗೊತ್ತಾದ ತಡವನ್ನು ಕಳೆದರಾಯಿತು.
ದಫ್ತರದಲ್ಲಿ ನಲವತ್ತೆರಡು ಹೊಡೆದು ನಲವತ್ಮೂರು,
ಇನ್ನೂರ ಹತ್ತು ಹೊಡೆದು ಇನ್ನೂರ ಹದಿನೈದು.
ಕಾರಣ: ಇಲಿ.
ಮರುದಿನ ಗೆರೆ ಮಲಗಿತ್ತು.

ಚಹಾದ ಹೊತ್ತಿಗೆ ಓಗಲೆಯವರು ಕೇಳಿದರು,
ಅಷ್ಟು ಬೇಗ ಹೇಗೆ ತಿಳಿಯಿತು ನಿಮಗೆ?
ಪ್ರಶ್ನೆ ಇಳಿಯತೊಡಗಿತು.
ಈ ತಡ ಎಷ್ಟೆಂದು ಎಲ್ಲೂ ಬರೆದಿಲ್ಲ.
ಅಳೆಯಬೇಕೆಂದರೆ ಪಕ್ಕದಲ್ಲಿ, ಇದೇ ಗಡಿಯಾರಕ್ಕೆ ಕಟ್ಟಿ,
ನನ್ನಂಥದೇ ಇನ್ನೊಂದು ಪೆಟ್ಟಿಗೆ ಬೇಕು.
ಬಿಸ್ಕತ್ತು ಚಹಾದಲ್ಲಿ ಮೆತ್ತಗಾಗುತ್ತಿತ್ತು.
ಅವರು ಕಾಯುತ್ತಿದ್ದರೋ,
ಬಿಸ್ಕತ್ತನ್ನೇ ನೋಡುತ್ತಿದ್ದರೋ.